ಟ್ರಂಕು ಸೇರಿದ ಲ್ಯಾಪ್‌ಟಾಪ್

ಬ್ರಹ್ಮಪುರದ ಸುಜಾತಾಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಓಣಿಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ದಿನವಿಡೀ ಜೆರಾಕ್ಸ್ ಅಂಗಡಿಯಲ್ಲಿ ನಿಂತು ದುಡಿಯುವ ಈ ಹೆಣ್ಣುಮಗಳು, ಕಚೇರಿಗಳು ಮೂಲೆಗೆಸೆದ ಲ್ಯಾಪ್‌ಟಾಪುಗಳನ್ನು ಬೇಡಿ, ಕಾಡಿ, ಜಗಳವಾಡಿ ತರುತ್ತಾಳೆ. ಮೋಮಿನಪುರದ ಝಹೀರ್ ಅವನ್ನು ರಿಪೇರಿ ಮಾಡಿ, ಪಾಠಗಳನ್ನು ತುಂಬಿಕೊಡುತ್ತಾನೆ. ಆಮೇಲೆ ಅವು ಬಡ ಮಕ್ಕಳ ಮನೆ ಸೇರುತ್ತವೆ. "ಇಂಥಾ ಮಕ್ಕಳಿಗೆ ಅದೆಲ್ಲ ಯಾಕ?" ಎಂದ ಸಾಹೇಬರೊಬ್ಬರಿಗೆ, "ನಿಮ್ಮ ಮಕ್ಕಳಿಗೆ ಯಾಕ್ರಿ ಮತ್ತ?" ಎಂದು ಅವರ ಕಚೇರಿಯಲ್ಲೇ ಕೇಳಿ ಬಂದವಳು ಅವಳು.

ಕಮಲಾಪುರದ ಪ್ರೀತಿಗೆ ಸಿಕ್ಕದ್ದು ಮಾತ್ರ ಹೊಚ್ಚ ಹೊಸದು. ಯಾರೋ ಪುಣ್ಯಾತ್ಮರು ಡಬ್ಬಿ ಸಮೇತ ಕೊಟ್ಟಿದ್ದರು. ಹತ್ತನೇ ಕ್ಲಾಸಿನ ಹುಡುಗಿ ಅರ್ಧವಾರ್ಷಿಕದಲ್ಲಿ ಗಣಿತ ಫೇಲಾಗಿದ್ದಳು. "ಮಾರ್ಚ್‌ದಾಗೂ ಫೇಲಾದ್ರ ಸಾಲಿ ಬಿಡಿಸಿ ಗಂಡು ನೋಡ್ತೀನಿ" ಎಂದು ಅವಳಪ್ಪ ಮಹಾದೇವ ಹೇಳಿಬಿಟ್ಟಿದ್ದ. ಅದು ಕಿವಿಗೆ ಬಿದ್ದದ್ದೇ ಸುಜಾತಾ ಹಿಂದುಮುಂದು ನೋಡದೆ ಹೊಸದನ್ನು ಅವಳಿಗೇ ಎತ್ತಿಟ್ಟಳು. ದೀಪಾವಳಿಗೆ ಮಹಾದೇವನೇ ಅಂಗಡಿಗೆ ಬಂದು ಒಯ್ದ.

ಲ್ಯಾಪ್‌ಟಾಪ್ ಸಿಕ್ಕ ಮಕ್ಕಳೆಲ್ಲ ಅದು ಹೆಂಗ, ಇದು ಹೆಂಗ ಎಂದು ಫೋನು ಮಾಡಿ ತಲೆ ತಿನ್ನುತ್ತಾರೆ. ಮೂರು ತಿಂಗಳು ಕಳೆದರೂ ಪ್ರೀತಿ ಒಮ್ಮೆಯೂ ಮಾಡಲಿಲ್ಲ. ಯಾಕೋ ಸಂಶಯ ಬಂದು, ಒಂದು ಭಾನುವಾರ ಸುಜಾತಾ ಕಮಲಾಪುರದ ಬಸ್ಸು ಹತ್ತಿದಳು.

ಹುಡುಗಿ ಹರಿದ ಗಣಿತದ ಪುಸ್ತಕ ಹಿಡಿದು ಕೂತಿದ್ದಳು. "ಎಲ್ಲಿ ಅದ ಲ್ಯಾಪ್‌ಟಾಪ್?" ಎಂದರೆ ತಲೆ ತಗ್ಗಿಸಿದಳು. ತಾಯಿ ನೀಲಗಂಗಮ್ಮ ಮಾತ್ರ ಹೆಮ್ಮೆಯಿಂದ ಟ್ರಂಕು ತೆರೆದಳು. ಮೇಲೆ ಇಳಕಲ್ ಸೀರೆ, ಕೆಳಗೆ ಹೊಸ ಸ್ಟೀಲಿನ ಭಾಂಡೆ, ನಡುವೆ ಕುಂಕುಮ ಹಚ್ಚಿದ ಡಬ್ಬಿ. ಪಾಠ ತುಂಬಿ ಝಹೀರ್ ಅಂಟಿಸಿದ್ದ ಟೇಪು ಹಾಗೆಯೇ ಇತ್ತು.

"ಲಗ್ನದ ಸಾಮಾನಿನ ಜೋಡಿ ಇಟ್ಟೀನ್ರಿ ಅಕ್ಕಾರ. ಬಳಸಿದ್ರ ಹಳೇದಾಗ್ತದ. ಗಂಡಿನ ಮನಿಗಿ ಹೊಸಾದು ಕೊಟ್ರ ನಮ್ಮ ಮಾನ ಉಳೀತದ."

ಸುಜಾತಾಳಿಗೆ ಪಿತ್ತ ನೆತ್ತಿಗೇರಿತು. "ಮಗಳು ಓದ್ಲಿ ಅಂತ ಕೊಟ್ಟದ್ದನ್ನ ಮಗಳನ್ನ ಸಾಗಹಾಕಾಕ ಇಟ್ಟೀಯೇನವ್ವಾ? ಹದಿನಾರು ತುಂಬಿಲ್ಲ ಕೂಸಿಗೆ! ಹದಿನೆಂಟರೊಳಗ ಲಗ್ನದ ಮಾತೆತ್ತಿದ್ರ ಪೊಲೀಸರನ್ನ ಕರಕೊಂಡು ಬರ್ತೀನಿ, ನೋಡು!"

"ಸಿಟ್ಟಾಗಬ್ಯಾಡ್ರಿ. ನನ್ನ ಲಗ್ನದಾಗ ನಮ್ಮಪ್ಪ ಹಳೇ ಕೊಡ ಕೊಟ್ಟಿದ್ದ. ಇವತ್ತಿಗೂ ನಮ್ಮತ್ತಿ ಅದನ್ನೇ ಎತ್ತಿ ಆಡ್ತಾಳ."

ಸುಜಾತಾ ಅವಳನ್ನು ಬೈಯುವುದು ಬಿಟ್ಟು ಟ್ರಂಕಿನತ್ತ ತಿರುಗಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ. ಆ ಅತ್ತೆಯ ಮೇಲೂ, ಮಹಾದೇವನ ಮೇಲೂ ಹರಿಯಿತು. ಒಂದು ಕೊಡಕ್ಕಾಗಿ ಇಷ್ಟು ವರ್ಷ ಹೆಣ್ಣೊಬ್ಬಳನ್ನು ಹುರಿದು ತಿಂದರಲ್ಲ, ಥೂ! ಭಾಂಡೆಗಳ ಮೇಲೆಲ್ಲ ಮಹಾದೇವನ ಹೆಸರು ಕೆತ್ತಿಸಿದ್ದರು. ಮಗಳ ಹೆಸರು ಒಂದರ ಮೇಲೂ ಇರಲಿಲ್ಲ.

ಸುಜಾತಾ ಟೇಪು ಕಿತ್ತು ಲ್ಯಾಪ್‌ಟಾಪನ್ನು ಪ್ರೀತಿಯ ತೊಡೆಯ ಮೇಲಿಟ್ಟಳು. ಹುಡುಗಿಯ ಕಂಪಾಸ್ ಡಬ್ಬಿಯಿಂದ ಕೈವಾರ ತೆಗೆದು ಅವಳ ಕೈಗೆ ಕೊಟ್ಟಳು.

"ಕೆತ್ತು, ನಿನ್ನ ಹೆಸರು."

ಪ್ರೀತಿ ಅವ್ವನ ಮುಖ ನೋಡಿದಳು. ಆಮೇಲೆ ಹಲ್ಲು ಕಚ್ಚಿ, ಮುಚ್ಚಳದ ಮೇಲೆ ಮೊನೆ ಒತ್ತಿ ಎಳೆದಳು.

"ಅಯ್ಯೋ ಯವ್ವಾ, ಹಾಳು ಮಾಡಿದ್ಳಲ್ರೀ!" ನೀಲಗಂಗಮ್ಮ ಎದೆ ಬಡಿದುಕೊಂಡಳು. "ಇನ್ನ ಯಾರು ತೊಗೋತಾರ ಅದನ್ನ?"

"ಯಾರೂ ತೊಗೋಬಾರದು ಅಂತನ ಕೆತ್ತಸಾಕತ್ತೀನಿ."

ಪ್ರೀತಿ ಕೊನೆಯ ಅಕ್ಷರ ಮುಗಿಸಿ, ಪುಡಿ ಊದಿ, ಮುಚ್ಚಳ ತೆರೆದಳು. ಪರೀಕ್ಷೆಗೆ ಒಂದು ತಿಂಗಳೂ ಉಳಿದಿರಲಿಲ್ಲ.

"ಅಕ್ಕಾ," ಎಂದಳು ಮೆಲ್ಲಗೆ, "ಇದನ್ನ ಚಾಲೂ ಮಾಡೋದು ಎಲ್ಲಿ?"