ಸಿದ್ದಮ್ಮ ಮೇಡಂ ಕಲಿಸಿದ ಇಂಗ್ಲಿಷು

ಸಿದ್ದಮ್ಮ ಮೇಡಂ ಇಂಗ್ಲಿಷ್ ಮಾತಾಡಿದರೆ ಕನಕಪುರ ರಸ್ತೆಯ ಮಣ್ಣಿನ ವಾಸನೆ ಬರುತ್ತದೆ ಎಂದು ನಮ್ಮ ಶಾಲೆಯ ಬೇರೆ ಮೇಷ್ಟ್ರುಗಳು ಆಡಿಕೊಳ್ಳುತ್ತಿದ್ದರು. ಮಾತು ಮೇಡಂ ಕಿವಿಗೂ ಬಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, "ಮತ್ತೆ ಲಂಡನ್ ವಾಸನೆ ಬರೋಕೆ ನಾನೇನು ಅಲ್ಲಿ ಹುಟ್ಟಿದ್ನಾ?" ಎಂದು ಕೇಳಿದರಂತೆ. ಅವರ ಬಾಯಲ್ಲಿ ಬುಕ್ಕು, ಪೆನ್ನು, ಗುಡ್ಡು, ಬ್ಯಾಡು, ಎಲ್ಲವೂ ಉಕಾರದಲ್ಲೇ ಕೊನೆಯಾಗುತ್ತಿದ್ದವು. ಆದರೆ ಬೋರ್ಡಿನ ಮೇಲೆ ಅವರು ಬರೆದ ವಾಕ್ಯದಲ್ಲಿ ಒಂದು ತಪ್ಪನ್ನು ಹುಡುಕಿ ತೋರಿಸಿದವರನ್ನು ನಾನು ಕಾಣೆ. ದಪ್ಪ ಕಂಠ, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು, ಮೊಳಕಾಲಿಗಿಂತ ಸ್ವಲ್ಪವೇ ಕೆಳಗೆ ನಿಲ್ಲುವ ಹಾಗೆ ಎತ್ತಿ ಸಿಕ್ಕಿಸಿದ ಸೀರೆ. ಬಸ್ ಸ್ಟ್ಯಾಂಡಿನಿಂದ ಶಾಲೆಯವರೆಗಿನ ಕೆಸರಿಗೆ ಅದೇ ಸರಿ ಎನ್ನುತ್ತಿದ್ದರು.

ಅದು ಎಪ್ಪತ್ತರ ದಶಕದ ನಡುವಿನ ವರ್ಷಗಳು. ಸಾರಕ್ಕಿ ಆಗಿನ್ನೂ ಹಳ್ಳಿಯೇ. ಕೆರೆಯ ಹಿಂದೆ ಸೊಪ್ಪಿನ ಮಡಿಗಳು, ಮುಂದೆ ಜಯನಗರದ ಹೊಸ ಮನೆಗಳು. ನಮ್ಮ ಅವ್ವ ಬೆಳಗಿನ ಜಾವ ಕೀರೆ, ದಂಟು, ಮೆಂತ್ಯದ ಕಟ್ಟುಗಳನ್ನು ಕುಕ್ಕೆಯಲ್ಲಿ ಹೊತ್ತು ಜಯನಗರದ ಬೀದಿಗಳಲ್ಲಿ ಕೂಗುತ್ತಾ ಹೋಗುತ್ತಿದ್ದಳು. ಅಲ್ಲಿನ ಮನೆಗಳ ಮಕ್ಕಳು ಟೈ ಕಟ್ಟಿಕೊಂಡು ವ್ಯಾನು ಹತ್ತುತ್ತಿದ್ದವು. ನಾವು ಊರಾಚೆಯ ಕನ್ನಡ ಮಿಡ್ಲ್ ಸ್ಕೂಲಿಗೆ ಹೋಗುವವರು. ನಮಗೆ ಐದನೇ ಕ್ಲಾಸಿನಲ್ಲಿ ಇಂಗ್ಲಿಷ್ ಶುರು. ಶುರುವಾಗುವ ಮೊದಲೇ ಅದರ ಭಯ ಶುರುವಾಗಿತ್ತು.

ಮೊದಲನೇ ದಿನ ಮೇಡಂ ಎ ಬಿ ಸಿ ಡಿ ಬರೆಯಲಿಲ್ಲ. "ನಿಮಗೆ ಗೊತ್ತಿರೋ ಇಂಗ್ಲಿಷ್ ಮಾತು ಹೇಳಿ" ಎಂದರು. ನಾವು ಒಬ್ಬರ ಹಿಂದೆ ಒಬ್ಬರು ಬಗ್ಗಿ ಅಡಗಿದೆವು.

"ಇಲ್ಲಿಂದ ಮಾರ್ಕೆಟ್ಟಿಗೆ ಏನು ಹತ್ಕೊಂಡು ಹೋಗ್ತೀರಿ?"

"ಬಸ್ಸು" ಎಂದಳು ನನ್ನ ಪಕ್ಕದ ಯಶೋದ. ಗಾರೆ ಕೆಲಸದ ನಂಜಪ್ಪನ ಮಗಳು. ಹೆದರಿಕೆ ಎಂಬುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ.

"ಹತ್ತಿದ ಮೇಲೆ ಏನ್ ತಗೋತೀರಿ?"

"ಟಿಕೀಟು."

ಆಮೇಲೆ ತಡೆಯುವವರೇ ಇಲ್ಲ. ಸೈಕಲ್ಲು, ಪಂಪು, ಕರೆಂಟು, ರೇಷನ್ನು, ನರ್ಸು, ಪೊಲೀಸು, ಸಿಮೆಂಟು, ಲಾರಿ. ಬೋರ್ಡು ತುಂಬಿಹೋಯಿತು. ಮೇಡಂ ಸೀಮೆಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡು ನಮ್ಮ ಕಡೆ ತಿರುಗಿದರು. "ನೋಡ್ರಪ್ಪಾ, ಇಷ್ಟು ದಿನದಿಂದ ಬಾಡಿಗೆ ಕೊಡದೆ ಇಂಗ್ಲಿಷು ನಿಮ್ಮನೇಲಿ ವಾಸ ಮಾಡ್ತಾ ಇದೆ. ಅದು ನಿಮಗೆ ಹೆದರಬೇಕು. ನೀವ್ಯಾಕೆ ಅದಕ್ಕೆ ಹೆದರ್ತೀರಿ?"

ಅವರು ನಮಗೆ ಕಲಿಸಿದ ಮೊದಲ ಪೂರಾ ವಾಕ್ಯ ಹೆಸರು ಹೇಳುವುದಲ್ಲ, ನಮಸ್ಕಾರ ಹೇಳುವುದಲ್ಲ. "ಐ ಡೋಂಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್ ಸೇ ಇಟ್ ಅಗೇನ್." ಇದನ್ನೇ ಯಾಕೆ ಮೊದಲು ಕಲಿಸಿದರೆಂದು ಅವರೇ ಬಿಡಿಸಿ ಹೇಳಿದರು. "ಆಫೀಸಲ್ಲೋ ಆಸ್ಪತ್ರೇಲೋ ಯಾರಾದ್ರೂ ಇಂಗ್ಲಿಷಲ್ಲಿ ಜೋರು ಮಾಡಿದ್ರೆ ನಿಮ್ಮಪ್ಪ ಅವ್ವ ತಲೆ ತಗ್ಗಿಸ್ಕೊಂಡು ಬರ್ತಾರೆ. ನೀವು ತಗ್ಗಿಸ್ಬೇಡಿ. ಇನ್ನೊಂದ್ಸಲ ಹೇಳಿ ಅನ್ನಿ. ಜೋರು ಮಾಡೋರಿಗೆ ಇನ್ನೊಂದ್ಸಲ ಹೇಳೋಕೆ ಬರಲ್ಲ."

ಈ ಮಾತಿಗೆ ಹಿಂದೆ ಏನಿತ್ತೋ ನಮಗೆ ಆಗ ಗೊತ್ತಿರಲಿಲ್ಲ. ಮೇಡಂ ತಂದೆ ಜೀತ ಬಿಡಿಸಿಕೊಂಡು ಊರು ಬಿಟ್ಟು ಬಂದವರು, ಬೌದ್ಧರಾದವರು. ಹೈಸ್ಕೂಲಿನಲ್ಲಿ ಮೇಡಂಗೆ ಇಂಗ್ಲಿಷ್ ಹೇಳಿಕೊಡಬೇಕಾದ ಮೇಷ್ಟ್ರು "ನಿಮ್ಮ ನಾಲಿಗೆಗೆ ಇದು ಹತ್ತೋದಿಲ್ಲ" ಎಂದು ಕೊನೆಯ ಬೆಂಚಿಗೆ ಕಳಿಸಿದ್ದರಂತೆ. ಕೊನೆಯ ಬೆಂಚಿನಲ್ಲೇ ಕೂತು ಬಿ.ಎ. ಮುಗಿಸಿದರು. ತ್ಯಾಗರಾಜನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ "ಯಾವ ಜನ?" ಎಂದು ಕೇಳಿದವರಿಗೆಲ್ಲ ನೇರವಾಗಿಯೇ ಹೇಳಿ, ಹೇಳಿದ್ದಕ್ಕೇ ಎಷ್ಟೋ ಮನೆಗಳು ಕೈತಪ್ಪಿ, ಕಡೆಗೆ ನಿವೃತ್ತ ರೈಲ್ವೆ ಗಾರ್ಡೊಬ್ಬರು ತಮ್ಮ ಮಹಡಿಯ ಮೇಲಿನ ಎರಡು ಕೋಣೆ ಕೊಟ್ಟರು. ಸುಳ್ಳು ಹೇಳಿದ್ದರೆ ಮೊದಲನೇ ದಿನವೇ ಮನೆ ಸಿಗುತ್ತಿತ್ತು. "ಸುಳ್ಳು ಹೇಳಿ ಒಳಗೆ ಹೋದ್ರೆ ದಿನಾ ಬಗ್ಗಿಕೊಂಡೇ ಓಡಾಡ್ಬೇಕು" ಎನ್ನುವುದು ಅವರ ಲೆಕ್ಕ.

ನಾವು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಇನ್‌ಸ್ಪೆಕ್ಟರು ಬಂದರು. ಬಿಳಿ ಪ್ಯಾಂಟು, ಕಂಕುಳಲ್ಲಿ ಫೈಲು. ಹಿಂದೆ ಕೈ ಕಟ್ಟಿ ನಿಂತ ಹೆಡ್‌ಮಾಸ್ಟರು. ಇನ್‌ಸ್ಪೆಕ್ಟರು ಮೂಗಿನಲ್ಲಿ ಏನೋ ಒಂದನ್ನು ಸರಸರನೆ ಕೇಳಿ ಯಶೋದಳ ಕಡೆ ಬೆರಳು ತೋರಿಸಿದರು. ಯಶೋದ ಎದ್ದು ನಿಂತಳು.

"ಐ ಡೋಂಟ್ ಅಂಡರ್‌ಸ್ಟ್ಯಾಂಡು ಸಾರ್. ಪ್ಲೀಸ್ ಸೇ ಇಟ್ ಅಗೇನ್."

ಅವರು ಅಷ್ಟೇ ವೇಗದಲ್ಲಿ ಮತ್ತೊಮ್ಮೆ ಹೇಳಿದರು. "ಸ್ಲೋಲಿ ಸಾರ್" ಎಂದಳು ಯಶೋದ. ಹೆಡ್‌ಮಾಸ್ಟರ ಮುಖ ಇಳಿಯಿತು. ಇನ್‌ಸ್ಪೆಕ್ಟರು ಈ ಸಲ ಪದ ಪದ ಬಿಡಿಸಿ ಕೇಳಿದರು: ಬೆಂಗಳೂರಿಗೆ ಯಾವ ನದಿಯ ನೀರು ಬರುತ್ತದೆ?

"ಕಾವೇರಿ ಸಾರ್. ನಾಟ್ ಕಮಿಂಗ್ ಟು ಅವರ್ ಹೌಸ್ ಸಾರ್."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್‌ಸ್ಪೆಕ್ಟರಿಗೆ ಅದು ಉದ್ಧಟತನವಾಗಿ ಕಂಡಿತು. ಸಿಟ್ಟನ್ನು ಮೇಡಂ ಮೇಲೆ ತೀರಿಸಿದರು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ನೀವು ಕನ್ನಡ ಬಳಸುತ್ತೀರೆಂದು ಹೆಡ್‌ಮಾಸ್ಟರು ಹೇಳಿದ್ದಾರೆ, ಅದು ನಿಯಮಕ್ಕೆ ವಿರುದ್ಧ ಎಂದರು.

"ಕಾಲಿಲ್ದೆ ಮೆಟ್ಟಿಲು ಹತ್ತೋಕಾಗುತ್ತಾ ಸಾರ್?" ಎಂದರು ಮೇಡಂ. "ಕನ್ನಡ ಇವರ ಕಾಲು. ಅದನ್ನ ಕಟ್ಟಿಹಾಕಿ ಹತ್ತಿ ಹತ್ತಿ ಅಂದ್ರೆ ಹೆಂಗೆ ಹತ್ತಾರು?"

ಇನ್‌ಸ್ಪೆಕ್ಟರು ಫೈಲಿನಲ್ಲಿ ಏನೋ ಬರೆದುಕೊಂಡು ಹೋದರು. ಹೆಡ್‌ಮಾಸ್ಟರು ಮಾತ್ರ ಅದನ್ನು ಮರೆಯಲಿಲ್ಲ.

ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ. ಶಾಲೆಯ ಫಲಿತಾಂಶ ಕೆಟ್ಟರೆ ಹೆಡ್‌ಮಾಸ್ಟರ ಹೆಸರು ಕೆಡುತ್ತದೆ. ಆ ವರ್ಷದ ಕೊನೆಯಲ್ಲಿ ಅವರೊಂದು ಉಪಾಯ ಮಾಡಿದರು. ಇಂಗ್ಲಿಷಿನಲ್ಲಿ ಹಿಂದಿರುವವರನ್ನೆಲ್ಲ ಇನ್ನೊಂದು ವರ್ಷ ಆರರಲ್ಲೇ ಇಟ್ಟುಕೊಳ್ಳುವುದು. ಅವರು ಆರಿಸಿದ ಹೆಸರುಗಳಲ್ಲಿ ಹೆಚ್ಚಿನವರು ಕೆರೆಯ ಬೀದಿಗಳ ಹೆಣ್ಣುಮಕ್ಕಳು. ಯಶೋದ ಇದ್ದಳು. ನಾನೂ ಇದ್ದೆ. ಮಾತಾಡಲು ಬರುತ್ತಿತ್ತೇ ಹೊರತು ನಮ್ಮ ಸ್ಪೆಲ್ಲಿಂಗು ದೇವರಿಗೇ ಪ್ರೀತಿ.

ಸುದ್ದಿ ಕೇಳಿ ಅವ್ವ ಬೇಸರ ಮಾಡಿಕೊಳ್ಳಲಿಲ್ಲ. "ಸರಿ ಬಿಡು, ನಾಳೆಯಿಂದ ಇನ್ನೊಂದು ಕುಕ್ಕೆ ನೀನು ಹೊರು" ಎಂದಳು.

ಮಾರನೆಯ ದಿನ ಹೆಡ್‌ಮಾಸ್ಟರ ಕೋಣೆಯಿಂದ ಮೇಡಂ ದನಿ ಮೈದಾನಕ್ಕೆ ಕೇಳಿಸಿತು. ನಾವೆಲ್ಲ ಕಿಟಕಿಯ ಕೆಳಗೆ ಸೇರಿದೆವು. "ಒಂದು ವರ್ಷ ಕೂರಿಸಿದ್ರೆ ಗಂಡು ಹುಡುಗ ಕ್ಲಾಸಲ್ಲಿ ಕೂರ್ತಾನೆ ಸಾರ್. ಹೆಣ್ಣು ಹುಡುಗೀನ ಮನೇಲಿ ಕೂರಿಸ್ತಾರೆ. ಆಮೇಲೆ ಹಸೆಮಣೆ ಮೇಲೆ ಕೂರಿಸ್ತಾರೆ. ನಿಮ್ಮ ರಿಸಲ್ಟು ಚೆನ್ನಾಗಿ ಕಾಣಲಿ ಅಂತ ಈ ಮಕ್ಕಳನ್ನ ಮುಗಿಸ್ಬೇಡಿ."

"ಫೇಲಾದ್ರೆ ಯಾರು ಹೊಣೆ?"

"ನಾನು."

ಹೆಡ್‌ಮಾಸ್ಟರು ಒಪ್ಪಿದರು, ಆದರೆ ಮನಸ್ಸಿನಿಂದಲ್ಲ. ಏಳನೇ ಕ್ಲಾಸು ಶುರುವಾಗಿ ಮೇಡಂ ನಮಗೆ ಸಂಜೆ ಪಾಠ ಇಡಬೇಕೆಂದಾಗ, ಬೆಲ್ಲು ಹೊಡೆದ ಕೂಡಲೇ ಎಲ್ಲ ಕೋಣೆಗಳಿಗೂ ಬೀಗ ಹಾಕಿಸಿದರು; ಸ್ಪೆಷಲ್ ಕ್ಲಾಸಿಗೆ ಜಾಗವಿಲ್ಲ ಎಂದರು. ಮೇಡಂ ನಮ್ಮನ್ನು ಕರೆದುಕೊಂಡು ಕೆರೆ ಏರಿಯ ಮೇಲೆ ಹೋದರು. ಹೋಗುವ ಮೊದಲು ಪ್ರತಿಯೊಬ್ಬರ ಮನೆಗೂ ಬಂದು ಹೇಳಿದರು. ಅವ್ವ "ಓದಿ ಏನ್ ಮಾಡ್ಬೇಕು ಮೇಡಮ್ಮೋರೆ?" ಎಂದಾಗ ಅವರು ಕುಕ್ಕೆಯ ಪಕ್ಕದಲ್ಲೇ ನೆಲದ ಮೇಲೆ ಕೂತರು. "ಏನ್ ಮಾಡ್ಬೇಕು ಅನ್ನೋದನ್ನ ಓದಿದ್ಮೇಲೆ ಅವಳೇ ಹೇಳ್ತಾಳೆ ಕಣಕ್ಕ. ನೀವೂ ನಾನೂ ಈಗ್ಲೇ ಯಾಕೆ ತೀರ್ಮಾನ ಮಾಡೋಣ?" ಎಂದು ಹೇಳಿ ಅವ್ವ ಕೊಟ್ಟ ನೀರು ಮಜ್ಜಿಗೆ ಕುಡಿದು ಎದ್ದರು. ಅವ್ವ ಮತ್ತೆ ಕುಕ್ಕೆಯ ಮಾತೆತ್ತಲಿಲ್ಲ.

ಏರಿಯ ಮೇಲಿನ ಆ ಸಂಜೆಗಳಲ್ಲೇ ನನಗೆ ಇಂಗ್ಲಿಷ್ ಹತ್ತಿದ್ದು. ಪುಸ್ತಕದ ಕ್ರಿಯಾಪದಗಳು ತಲೆಗೆ ಹೋಗದಿದ್ದಾಗ ಮೇಡಂ ಎದುರಿನ ಎಮ್ಮೆಯನ್ನು ತೋರಿಸುತ್ತಿದ್ದರು. ಎಮ್ಮೆ ದಡದಿಂದ ಕಾಲಿಟ್ಟಾಗ "ದಿ ಬಫೆಲೋ ಈಸ್ ಗೋಯಿಂಗ್". ಮೂಗು ಮಾತ್ರ ಕಾಣುವಷ್ಟು ಮುಳುಗಿದಾಗ "ಹ್ಯಾಸ್ ಗಾನ್". "ವಿಲ್ ಕಮ್ ಯಾವಾಗ ಮೇಡಂ?" ಎಂದು ಕೇಳಿದರೆ, "ಅದು ಎಮ್ಮೆಗೇ ಗೊತ್ತಿಲ್ಲ, ಗ್ರಾಮರಿಗೇನು ಗೊತ್ತು" ಎನ್ನುತ್ತಿದ್ದರು.

ಎಮ್ಮೆ ತೊಳೆಯುತ್ತಿದ್ದ ಚಿಕ್ಕಣ್ಣ ಒಂದು ದಿನ ನೀರಿನಿಂದಲೇ ಕೂಗಿ ಹೇಳಿದ. "ಮೇಡಮ್ಮೋರೆ, ಹಿಂಗೇ ಆದ್ರೆ ನಮ್ಮೆಮ್ಮೆ ಇಂಗ್ಲೀಸು ಕಲ್ತ್‌ಬುಡ್ತದೆ."

"ಕಲೀಲಿ ಬಿಡಣ್ಣ. ಹೆಡ್‌ಮಾಸ್ಟ್ರು ಅದನ್ನೂ ಆರನೇ ಕ್ಲಾಸಲ್ಲೇ ಇಟ್ಕೋತಾರೆ."

ಏಳನೇ ಕ್ಲಾಸಿನ ಫಲಿತಾಂಶ ಬಂತು. ಹೆಡ್‌ಮಾಸ್ಟರು ತಡೆಯಬೇಕೆಂದಿದ್ದ ನಾವೆಲ್ಲ ಇಂಗ್ಲಿಷಿನಲ್ಲಿ ಪಾಸು. ಯಶೋದ ಮಾತ್ರ ಲೆಕ್ಕದಲ್ಲಿ ಹೋದಳು. "ನಾನು ಹೇಳಿರಲಿಲ್ವೇ?" ಎಂದರು ಹೆಡ್‌ಮಾಸ್ಟರು. ಅವಳಪ್ಪ ನಂಜಪ್ಪ ಅಷ್ಟರಲ್ಲಿ ಪುಟ್ಟೇನಹಳ್ಳಿಯ ಕಡೆ ಗಂಡು ನೋಡಿಯಾಗಿತ್ತು. ಮೇಡಂ ಅವರ ಮನೆಯ ಹೊಸ್ತಿಲಲ್ಲಿ ಹೋಗಿ ಕೂತುಬಿಟ್ಟರು. ನಂಜಪ್ಪ ಕೆಲಸಕ್ಕೆ ಹೋಗಿ ಬಂದ, ಮೇಡಂ ಇನ್ನೂ ಅಲ್ಲೇ. ಊಟ ಮಾಡಿ ಎಂದರೆ ಮಾಡಿದರು, ಎದ್ದು ಹೋಗಿ ಎಂದರೆ ಹೋಗಲಿಲ್ಲ. "ಇನ್ನೊಂದು ಸಲ ಪರೀಕ್ಷೆ ಬರೀಲಿ, ಆಮೇಲೆ ನಾನೇ ಬಂದು ಚಪ್ಪರ ಹಾಕಿಸ್ತೀನಿ" ಎಂದರು. ಯಶೋದ ಮತ್ತೆ ಬರೆದಳು, ಪಾಸಾದಳು, ಹೈಸ್ಕೂಲಿಗೂ ಬಂದಳು. ಚಪ್ಪರದ ಮಾತು ಬಹಳ ವರ್ಷ ಬರಲಿಲ್ಲ.

ಆ ಫಲಿತಾಂಶ ಬಂದ ಜೂನ್‌ನಲ್ಲಿ ಮೇಡಂಗೆ ವರ್ಗವಾಯಿತು, ರಾಮನಗರದ ಆಚೆಯ ಒಂದು ಹಳ್ಳಿಗೆ. ಹೆಡ್‌ಮಾಸ್ಟರು ಉಪ್ಪಿಟ್ಟು ಮಾಡಿಸಿ ಬೀಳ್ಕೊಡುಗೆ ಇಟ್ಟರು. ಮನಸ್ತಾಪ ಏನಾದರೂ ಆಗಿದ್ದರೆ ಇಬ್ಬರೂ ಮರೆಯೋಣ ಎಂದು ದೀರ್ಘವಾಗಿ ಭಾಷಣ ಮಾಡಿದರು. ಮೇಡಂ ಉಪ್ಪಿಟ್ಟನ್ನು ಪೂರಾ ತಿಂದು, ಕೈ ತೊಳೆದು ಬಂದು, "ಐ ಆಮ್ ನಾಟ್ ಸಾರಿ" ಎಂದಷ್ಟೇ ಹೇಳಿ ಕೂತರು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನೂ ಇಂಗ್ಲಿಷ್ ಟೀಚರಾಗಿದ್ದೆ, ಬನಶಂಕರಿಯ ಒಂದು ಖಾಸಗಿ ಶಾಲೆಯಲ್ಲಿ. ಮೇಡಂ ಊರೂರು ಸುತ್ತಿ ಬೆಂಗಳೂರಿಗೆ ಮರಳಿ, ತಂಗಿ ಪುಟ್ಟತಾಯಿಯ ಜೊತೆ ತ್ಯಾಗರಾಜನಗರದ ಅದೇ ಮಹಡಿಯ ಮನೆಯಲ್ಲಿದ್ದರು. ಹೃದಯದ ಕಾಯಿಲೆ ಶುರುವಾಗಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ರಜೆ ಹಾಕುತ್ತಿರಲಿಲ್ಲ.

ದಸರಾ ರಜೆಗೆ ಮುಂಚೆ ನಾನು ಅವರನ್ನು ನೋಡಲು ಹೋದದ್ದು ಒಂದು ಚಿಂತೆ ಹೊತ್ತು. ರಜೆ ಮುಗಿದ ಮೇಲೆ ನಮ್ಮ ಶಾಲೆಯಲ್ಲಿ ಹೊಸ ನಿಯಮ ಬರುವುದಿತ್ತು. ಕ್ಲಾಸಿನಲ್ಲಿ ಯಾವ ಮಗು ಕನ್ನಡ ಮಾತಾಡಿದರೂ ಅದರ ಕೊರಳಿಗೆ ಒಂದು ರಟ್ಟಿನ ಹಲಗೆ. ಹಲಗೆಯ ಮೇಲೆ 'ನಾನು ಕನ್ನಡ ಮಾತಾಡಿದೆ' ಎಂದು ಇಂಗ್ಲಿಷಿನಲ್ಲಿ ಬರಹ. ಇನ್ನೊಂದು ಮಗು ಸಿಕ್ಕಿಬೀಳುವವರೆಗೂ ಅದು ಮೊದಲನೆಯದರ ಕೊರಳಲ್ಲೇ ಇರಬೇಕು.

ಮೇಡಂ ಕಾಫಿ ಲೋಟ ಕೆಳಗಿಟ್ಟರು. ಅವರ ಕತ್ತಿನ ನರ ಎದ್ದಿದ್ದನ್ನು ನೋಡಿ ನನಗೇ ಭಯವಾಯಿತು.

"ಇಂಗ್ಲಿಷ್ ಕಲಿಸೋದು ಅಂದ್ರೆ ಇನ್ನೊಂದು ನಾಲಿಗೆ ಕೊಡೋದು ಕಣಮ್ಮಿ. ಇರೋದನ್ನ ಕೀಳೋದಲ್ಲ. ನೀನೇನ್ ಮಾಡ್ತೀಯ?"

"ಗೊತ್ತಾಗ್ತಾ ಇಲ್ಲ ಮೇಡಂ. ಕೆಲಸ ಹೋದ್ರೆ ಕಷ್ಟ."

"ಕಷ್ಟವೇ. ಇಲ್ಲ ಅಂದೋರ್ಯಾರು? ಮಾಡಿದ್ಮೇಲೆ ಬಂದು ಹೇಳು."

ಅದೇ ಕೊನೆ ಮಾತು.

ರಜೆ ಕಳೆದು ಶಾಲೆ ತೆರೆಯಿತು. ಆರನೇ ಕ್ಲಾಸಿನ ಸುಧಾ ಎಂಬ ಹುಡುಗಿ ಬಾಯಿತಪ್ಪಿ, "ಮಿಸ್, ನೀರು ಕುಡಿದು ಬರ್ಲಾ?" ಎಂದಳು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಮಾನಿಟರ್ ಹುಡುಗಿ ಆಗಲೇ ಹಲಗೆ ತಂದಿದ್ದಳು. ನಾನು ಅದನ್ನು ಕೈಗೆ ತೆಗೆದುಕೊಂಡು, "ಕುಡಿದು ಬಾ ಮಗ" ಎಂದು ಕನ್ನಡದಲ್ಲೇ ಹೇಳಿ, ಹಲಗೆಯನ್ನು ನನ್ನ ಕೊರಳಿಗೆ ಹಾಕಿಕೊಂಡೆ. ಪೀರಿಯಡ್ ಮುಗಿಯುವವರೆಗೂ ಹಾಗೆಯೇ ಪಾಠ ಮಾಡಿದೆ. ಹಾಗೆಯೇ ಕಾರಿಡಾರಿನಲ್ಲಿ ನಡೆದೆ. ಪ್ರಿನ್ಸಿಪಾಲರು ಒಳಗೆ ಕರೆದು ಇದೇನೆಂದು ಕೇಳಿದರು.

"ನಾನೂ ಕನ್ನಡ ಮಾತಾಡ್ದೆ. ರೂಲ್ಸ್ ಎಲ್ರಿಗೂ ಒಂದೇ ಅಲ್ವಾ?"

ಶಿಸ್ತು, ಮ್ಯಾನೇಜ್‌ಮೆಂಟು, ಪೋಷಕರು ಎಂದು ಅವರು ಹೇಳುತ್ತಾ ಹೋದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ನಾಳೆಯಿಂದ ನಾನು ಬರಲ್ಲ ಬಿಡಿ" ಎಂದು ಹಲಗೆಯನ್ನು ಬ್ಯಾಗಿಗೆ ತುರುಕಿ ಹೊರಟು ಬಂದೆ. ನೇರವಾಗಿ ತ್ಯಾಗರಾಜನಗರಕ್ಕೆ ನಡೆದೆ. ದಾರಿಯುದ್ದಕ್ಕೂ ಮೇಡಂಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸುತ್ತಿದ್ದೆ.

ಬಾಗಿಲು ತೆರೆದವರು ಪುಟ್ಟತಾಯಿ. ನನ್ನ ಮುಖ ನೋಡಿ, "ನಿಂಗೆ ಗೊತ್ತಾಗ್ಲಿಲ್ವೇನಮ್ಮ?" ಎಂದರು. ರಜೆಯಲ್ಲಿ, ನಾನು ಮೈಸೂರಿನ ಅತ್ತೆ ಮನೆಯಲ್ಲಿದ್ದಾಗ, ಮೇಡಂ ಶಾಲೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಾ ಕೂತಿದ್ದವರು ಹಾಗೆಯೇ ಒರಗಿಬಿಟ್ಟಿದ್ದರು. ಗೋಡೆಯ ಮೇಲೆ ಬುದ್ಧನ ಪಟದ ಕೆಳಗೆ ಅವರ ಫೋಟೋ ಬಂದಿತ್ತು.

ಅತ್ತು ಮುಗಿದ ಮೇಲೆ, ಹೇಳಬೇಕೆಂದು ಬಂದದ್ದನ್ನು ಪುಟ್ಟತಾಯಿಗೇ ಹೇಳಿದೆ. ಹಲಗೆ ತೆಗೆದು ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಕ್ಕ ಇದ್ದಿದ್ರೆ ಬೈತಿದ್ಳು."

"ಯಾಕೆ?"

"ಹಲಗೆ ಹಾಕ್ಕೊಂಡಿದ್ದು ಸರಿ. ಬಿಟ್ಟು ಬಂದಿದ್ದ್ಯಾಕೆ? ಅವರು ಓಡಿಸಿದ್ರಾ?"

"ಇಲ್ಲ."

"ಮತ್ತೆ?"

ಮಾರನೆಯ ದಿನ ಪ್ರಾರ್ಥನೆಗೆ ಮುಂಚೆಯೇ ನಾನು ಶಾಲೆಯ ಗೇಟಿನಲ್ಲಿದ್ದೆ. ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗ ಪ್ರಿನ್ಸಿಪಾಲರು ತಲೆಯೆತ್ತಿ ನೋಡಿದರು. ನಾನೂ ನೋಡಿದೆ. ಆರನೇ ಕ್ಲಾಸಿಗೆ ಹೋಗಿ, ಓಡಿಸುವುದಾದರೆ ಬಂದು ಓಡಿಸಲಿ ಎಂದು ಬಾಗಿಲ ಎರಡೂ ಕದಗಳನ್ನು ಪೂರಾ ತೆರೆದಿಟ್ಟು ಪಾಠ ಶುರು ಮಾಡಿದೆ. ಯಾರೂ ಬರಲಿಲ್ಲ. ಹಲಗೆ ನನ್ನ ಬ್ಯಾಗಿನಲ್ಲೇ ಉಳಿಯಿತು. ಇನ್ನೊಂದನ್ನು ಮಾಡಿಸುವ ಧೈರ್ಯ ಅವರಿಗೆ ಬರಲಿಲ್ಲ.