ಮುತ್ತುಗದ ಪಕ್ಕದ ಎರಡೆಲೆ

ನಮ್ಮ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನ ಕೆಂಚಯ್ಯ 1968ರ ಮಾರ್ಚಿನಲ್ಲಿ ನಿವೃತ್ತರಾಗುವವರಿದ್ದರು. ಅದಕ್ಕೆ ಮೊದಲು ಅವರಿಗೊಂದೇ ಆಸೆ: ತಾವು ಬರೆದ ಎಲೆಯ ಚಿತ್ರವೊಂದು ವಿಜ್ಞಾನದ ಕೋಣೆಯ ಗೋಡೆಯಲ್ಲಿ ಉಳಿಯಬೇಕು.

ಸಂಕ್ರಾಂತಿ ಕಳೆದು ಕಾಡಂಚಿನ ಮರಗಳು ಎಲೆ ಉದುರಿಸತೊಡಗಿದರೆ, ತಮ್ಮೂರು ಬಂಡಳ್ಳಿಯಿಂದ ಶಾಲೆಗೆ ನಡೆದು ಬರುವಾಗ ಒಂದು ಎಲೆ ಹೆಕ್ಕಿ ತರುತ್ತಿದ್ದರು. ಹಳೆಯ ಉತ್ತರಪತ್ರಿಕೆಯ ಬೆನ್ನಿಗೆ ಅದೇ ಎಲೆಯನ್ನು ಎಂಟು ದಿನ, ದಿನಕ್ಕೊಮ್ಮೆ ಬರೆಯುತ್ತಿದ್ದರು. ಬಣ್ಣದ ಪೆನ್ಸಿಲ್ ಇರಲಿಲ್ಲ. ಮೊದಲ ದಿನ 'ಅರಿಶಿನ', ಮೂರನೆಯ ದಿನ 'ಬೆಲ್ಲ', ಎಂಟನೆಯ ದಿನ 'ಹಳೇ ಹುಣಸೆ' ಎಂದು ಪಕ್ಕದಲ್ಲಿ ಬರೆದಿಡುತ್ತಿದ್ದರು. ಹುಳು ತಿಂದ ತೂತನ್ನೂ ಬಿಡುತ್ತಿರಲಿಲ್ಲ.

ಆ ವರ್ಷ ದೊಡ್ಡ ಹಾಳೆಯಲ್ಲಿ ಮುತ್ತುಗದ ಎಲೆ ಬರೆದು ತಂದರು. ಒಂದೇ ತೊಟ್ಟಿಗೆ ಮೂರೆಲೆ.

"ಪಕ್ಕದ ಎರಡೂ ಸೊಟ್ಟ ಆಗಿವೆ, ಕೆಂಚಯ್ಯ. ನರದ ಎರಡೂ ಕಡೆ ಸಮ ಇರಬೇಕು" ಎಂದು ವಿಜ್ಞಾನದ ಮೇಷ್ಟ್ರಾದ ನಾನು ಕೆಂಪು ಪೆನ್ಸಿಲಿನಲ್ಲಿ ತಿದ್ದಿದೆ.

"ಇದ್ದಂಗೇ ಬರ್ದಿವ್ನಿ ಸಾ" ಎಂದರು. ಹಾಳೆ ಸುತ್ತಿಕೊಂಡು ಹೋದರು.

ಐದನೆಯ ದಿನ ಅವರ ಹೆಂಡತಿ ಪುಟ್ಟಮಾದಮ್ಮ ಶಾಲೆಗೆ ಬಂದರು. ಊಟದೆಲೆ ಹಚ್ಚಿ ಮಾರುವ ಕೆಲಸ ಅವರದು. ಮಡಿಲಿನಿಂದ ಮುತ್ತುಗದ ಎಲೆಗಳನ್ನು ನನ್ನ ಮೇಜಿನ ಮೇಲೆ ಸುರಿದರು.

"ಏನ್ ಮೇಷ್ಟ್ರೇ, ಬಿಯೆಸ್ಸಿ ಓದುವಾಗ ನೀವು ಎಲೇಲಿ ಉಣ್ಣೇ ಇಲ್ವಾ? ಪಕ್ಕದವು ಎರಡೂ ವಾರೆ ಕಣ್ರಿ. ನಡೂದೊಂದೇ ಸಮ. ಅದ್ಕೇ ಅದ ಮಧ್ಯಕ್ಕೆ ಮಡಗಿ ಕಡ್ಡಿ ಚುಚ್ಚೋದು. ಈ ವಯ್ಯ ನಾಕ್ ದಿನದಿಂದ ಸರ್ಯಾಗಿ ಇಟ್ಟು ಉಂಡಿಲ್ಲ."

"ಸುಮ್ಕಿರಮ್ಮಿ" ಎಂದರು ಬಾಗಿಲಲ್ಲಿದ್ದ ಕೆಂಚಯ್ಯ.

ಅಳತೆಪಟ್ಟಿ ತೆಗೆದು ಇಪ್ಪತ್ತು ತೊಟ್ಟುಗಳ ಎಲೆ ಅಳೆದೆ. ಇಪ್ಪತ್ತರಲ್ಲೂ ಪಕ್ಕದ ಎಲೆಗಳ ಹೊರಬದಿ ಅಗಲ, ಒಳಬದಿ ಕಿರಿದು. ಮುತ್ತುಗದ ಎಲೆಯಲ್ಲಿ ನಾನು ಎಷ್ಟೋ ಸಲ ಉಂಡಿದ್ದೆ, ನೋಡಿರಲಿಲ್ಲ.

"ತಪ್ಪು ನನ್ನದು ಕೆಂಚಯ್ಯ" ಎಂದು ಹೊಸ ಹಾಳೆ ಕೊಟ್ಟೆ. ಅಷ್ಟರಲ್ಲಿ ಮರಗಳು ಬೋಳಾಗಿದ್ದವು. ಪುಟ್ಟಮಾದಮ್ಮ ಹಚ್ಚಲೆಂದು ಕೂಡಿಟ್ಟಿದ್ದ ಒಣಗಿದ ಎಲೆಯನ್ನು ನೀರಿನಲ್ಲಿ ನೆನೆಸಿ, ಕಲ್ಲು ಹೇರಿ, ಮಟ್ಟ ಮಾಡಿ ಕೊಟ್ಟರು.

ಮಾರ್ಚ್ ಇಪ್ಪತ್ತೊಂಬತ್ತರಂದು ಕೆಂಚಯ್ಯನವರೇ ಮೊಳೆ ಹೊಡೆದು ಚಿತ್ರ ತೂಗುಹಾಕಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತ ನಿಂತರು. ಆ ದಿನ ಮೂರನೆಯ ಪೀರಿಯಡ್ಡಿನ ಗಂಟೆ ಏಳು ನಿಮಿಷ ತಡವಾಯಿತು.