ಮೂವತ್ತು ಸಾವಿರದ ಮೂವತ್ತೊಂದು ಹುಣಸೆ ಬೀಜ

ವಕ್ಕಲೇರಿಯ ವೆಂಕಟರಮಣಪ್ಪನವರ ಮಗ ದೊಡ್ಡನಾರಾಯಣಪ್ಪನವರು ೧೯೮೬ರಲ್ಲಿ ತೀರಿಕೊಂಡಾಗ ಅವರಿಗೆ ಅರವತ್ತನಾಲ್ಕು ವರ್ಷ. ಹೆಂಡತಿ ರಾಮಲಕ್ಷ್ಮಮ್ಮ, ಮಕ್ಕಳು ಆಂಜಿನಪ್ಪ, ಮುನಿರಾಮಪ್ಪ. ರಾಗಿ ಹೊಲ, ಹಿಪ್ಪುನೇರಳೆ ತೋಟ, ನಾಲ್ಕು ಹಸು. ಐವತ್ತಾರನೆಯ ವಯಸ್ಸಿನಲ್ಲಿ ಅವರು ಸಂಜೆ ಶಾಲೆಗೆ ಸೇರಿದರು. ನಾನೂ ಅದೇ ಶಾಲೆಯಲ್ಲಿ ಕಲಿತವಳು. ಅವರ ಬಗ್ಗೆ ಬರೆಯಲು ನನಗೆ ಬೇರೆ ಯಾರ ಅನುಮತಿಯೂ ಬೇಕಿಲ್ಲ.

ನಮ್ಮ ಕಡೆ ಮದುವೆಗೆ ಮುಯ್ಯಿ ಹಾಕುವವರು ನೂರಕ್ಕೆ ನಿಲ್ಲಿಸುವುದಿಲ್ಲ, ಒಂದು ಸೇರಿಸಿ ನೂರೊಂದು ಮಾಡುತ್ತಾರೆ. ಆ ಒಂದು ಸೇರಿದರೆ ಮೊತ್ತವೂ ಒಡೆಯದು, ಸಂಸಾರವೂ ಒಡೆಯದು ಎಂಬುದು ದೊಡ್ಡನಾರಾಯಣಪ್ಪನವರ ನಂಬಿಕೆ. ಒಂದರಿಂದ ಮತ್ತು ತನ್ನಿಂದ ಹೊರತು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗಳಿವೆ ಎಂದು ಮೇಷ್ಟ್ರು ಹೇಳಿದ ದಿನ, ಅವರು ಅಂಥವುಗಳಲ್ಲಿ ಮೊದಲ ಆರನ್ನು, ಅಂದರೆ ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರನ್ನು ಗುಣಿಸಿ, ಒಂದು ಸೇರಿಸಿದರು. ಬಂದದ್ದು ೩೦,೦೩೧. ಆ ಆರರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತಿತ್ತು. ಆದ್ದರಿಂದ ಅದು ಒಡೆಯದ ಸಂಖ್ಯೆಯೆಂದು ತೀರ್ಮಾನಿಸಿದರು.

ಮುಂದಿನ ವರ್ಷ ಮುನಿರಾಮಪ್ಪ ಭಾಗ ಕೇಳಿದ. ಹಾಲಿನ ಡೈರಿಯ ಮುಂದೆ, ಕ್ಯಾನು ಹಿಡಿದು ನಿಂತವರೆಲ್ಲ ಕೇಳುವಂತೆ ದೊಡ್ಡನಾರಾಯಣಪ್ಪನವರು ಹೇಳಿದರು:

"ನನ್ ಸಂಖ್ಯೆ ಒಡೆದ ದಿನ ಮನೆ ಒಡೀತೀನಿ ಕಣೋ. ಅಲ್ಲೀಗಂಟ ಒಂದೇ ಒಲೆ."

"ಹದಿಮೂರಾದ್ಮೇಲೆ ಲೆಕ್ಕ ಮುಗ್ದೋಯ್ತಾ ನಾಯ್ನಾ? ಮುಂದಿನವು ಸತ್ತೋದ್ವಾ?" ಎಂದ ಮಗ.

ಅದು ನ್ಯಾಯವಾದ ಪ್ರಶ್ನೆ. ಸ್ಲೇಟಿನ ಭಾಗಾಕಾರವನ್ನು ದೊಡ್ಡನಾರಾಯಣಪ್ಪನವರು ಪೂರ್ತಿ ನಂಬುತ್ತಿರಲಿಲ್ಲ, ಕಣ್ಣಿಗೆ ಕಾಣಬೇಕು. ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ತೆಗೆದ ಬೀಜವನ್ನು ೩೦,೦೩೧ ಎಣಿಸಿಕೊಂಡು, ಸಗಣಿ ಸಾರಿಸಿದ ಕಣದಲ್ಲಿ ಸಾಲು ಹಾಕಿದರು. ಹದಿನೇಳು ಸಾಲಿಗೆ ಒಂಬತ್ತು ಬೀಜ ಮಿಕ್ಕಿತು, ಹತ್ತೊಂಬತ್ತಕ್ಕೆ ಹನ್ನೊಂದು. ಹಾಗೆ ಬೀಜ ಮಿಕ್ಕಿದ ದಿನ ಅವರಿಗೆ ಒಂದು ಮುದ್ದೆ ಹೆಚ್ಚು ಸೇರುತ್ತಿತ್ತು.

"ಹುರಿದಿದ್ರೆ ಮೊಮ್ಮಕ್ಕಳಾದ್ರೂ ತಿಂತಿದ್ವು," ಎನ್ನುತ್ತಿದ್ದರು ರಾಮಲಕ್ಷ್ಮಮ್ಮ.

ಎರಡನೆಯ ಬೇಸಿಗೆಯಲ್ಲಿ ಐವತ್ತೊಂಬತ್ತು ಸಾಲು ಹಾಕಿದರು. ಸಾಲಿಗೆ ಐನೂರ ಒಂಬತ್ತು ಬಂತು. ಕೈಯಲ್ಲಿ ಏನೂ ಉಳಿಯಲಿಲ್ಲ. ಆಗ ಕಣದಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ. ನಡೆದ ಮಾತನ್ನು ರಾಮಲಕ್ಷ್ಮಮ್ಮನವರೇ ನನಗೆ ತಿಳಿಸಿದರು.

"ಇನ್ನೊಂದು ಬೀಜ ತಂದು ಸೇರಿಸ್ಬಿಡಿ. ಯಾರ್ ನೋಡ್ತಾರೆ?" ಎಂದರಂತೆ ಆಕೆ.

"ಒಂದು ಸೇರ್ಸೇ ಕಣೇ ಇಲ್ಲೀಗಂಟ ಬಂದಿರೋದು."

ಅಂದೇ ಸಂಜೆ ಮಕ್ಕಳನ್ನೂ ಊರ ಹಿರಿಯ ಚನ್ನರಾಯಪ್ಪನವರನ್ನೂ ಕಣಕ್ಕೆ ಕರೆದು, ಸಾಲುಗಳನ್ನು ತೋರಿಸಿ, ಭಾಗ ಮಾಡಿಕೊಟ್ಟರು. ಭಾಗ ಕೇಳಿದ ಮುನಿರಾಮಪ್ಪ ಬೀಜ ಎಣಿಸಲಿಲ್ಲ. ಬೇಡವೆಂದಿದ್ದ ಆಂಜಿನಪ್ಪ ಎರಡು ಸಲ ಎಣಿಸಿದ.

ಅವರು ಬಿಟ್ಟುಹೋದದ್ದು: ಎರಡು ಒಲೆ, ನಡುವೆ ಒಂದು ಇಟ್ಟಿಗೆ ಗೋಡೆ, ಇಬ್ಬರಿಗೂ ಸೇರಿದ ಬಾವಿ, ಅಂಚು ಮುರಿದ ಸ್ಲೇಟು, ಕಟ್ಟು ಹಾಕಿಸಿದ ಸಂಜೆ ಶಾಲೆಯ ಪ್ರಮಾಣಪತ್ರ, ಅರ್ಧ ಮೂಟೆ ಹುಣಸೆ ಬೀಜ. ಇಬ್ಬರಿಗೆ ಹಂಚಿದರೆ ಒಂದು ಉಳಿಯುತ್ತದೆಂದು ಬೀಜವನ್ನು ಭಾಗ ಮಾಡಿರಲಿಲ್ಲ.